ನೆಲ ಮುಟ್ಟುವ ಮುನ್ನ

ಸಣ್ಣ ಖಾಸಗಿ ವಿಮಾನವೊಂದು ಇಳಿಯುವಾಗ ಅಪಘಾತಕ್ಕೀಡಾದರೆ ‘ವೈಮಾನಿಕನ ತಪ್ಪು’ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಈ ಮಾತು ಅನೇಕ ವೇಳೆ ನಿಜವೇ; ಆದರೆ ಅದು ಏನನ್ನೂ ವಿವರಿಸುವುದಿಲ್ಲವೆಂದು ನಮ್ಮ ಅಭಿಪ್ರಾಯ. ನೆಲದ ಮೇಲೆ ನಡೆದು ಬೆಳೆದ ಮನುಷ್ಯನ ಸಹಜಬುದ್ಧಿ ಒಂದನ್ನು ಹೇಳಿದರೆ, ಗಾಳಿಯ ನಿಯಮ ಇನ್ನೊಂದನ್ನು ಹೇಳುತ್ತದೆ.

ರನ್‌ವೇಯ ನೇರಕ್ಕೆ ಬರಲು ವಿಮಾನವು ಕೊನೆಯ ತಿರುವನ್ನು ತೆಗೆದುಕೊಳ್ಳುತ್ತಿದೆಯೆನ್ನೋಣ. ಗಾಳಿ ಅದನ್ನು ಆಚೆಗೆ ತಳ್ಳಿದೆ. ವೈಮಾನಿಕನು ಬೇಗ ತಿರುಗಲೆಂದು ರೆಕ್ಕೆಗಳನ್ನು ಮತ್ತಷ್ಟು ವಾಲಿಸುತ್ತಾನೆ. ಮೂತಿ ತಗ್ಗಿದುದನ್ನು ಕಂಡು ಹಿಡಿಕೆಯನ್ನು ತನ್ನತ್ತ ಎಳೆಯುತ್ತಾನೆ. ನಾವಾದರೂ ಹಾಗೆಯೇ ಮಾಡುತ್ತಿದ್ದೆವು! ಆದರೆ ಎದುರುಗಾಳಿಗೆ ರೆಕ್ಕೆಯ ಓರೆ ಸುಮಾರು 15 ಡಿಗ್ರಿಯನ್ನು ಮೀರಿದೊಡನೆ ಅದರ ಮೇಲ್ಮೈಯಿಂದ ಗಾಳಿ ಕಳಚಿಕೊಂಡು, ವಿಮಾನವನ್ನು ಎತ್ತಿಹಿಡಿದ ಬಲ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎಂದು ಹೆಸರು. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಲೆಕ್ಕವನ್ನು ನೋಡಿರಿ. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನವಿದೆಯೆಂದಿಟ್ಟುಕೊಳ್ಳೋಣ. ಇಳಿಯಲು ಬರುವಾಗ ಅದರ 1.3ರಷ್ಟು, ಅಂದರೆ 104 ಕಿಲೋಮೀಟರ್ ವೇಗವನ್ನಿಡುವುದು ರೂಢಿ. 60 ಡಿಗ್ರಿ ವಾಲಿ, ಎತ್ತರ ಬಿಡದೆ ತಿರುಗಿದರೆ ರೆಕ್ಕೆ ಇಮ್ಮಡಿ ಭಾರವನ್ನು ಹೊರಬೇಕು. ಆಗ ಸ್ಟಾಲ್ ವೇಗವು 2ರ ವರ್ಗಮೂಲದಷ್ಟು ಏರಿ 113 ಆಗುತ್ತದೆ. 104ರಲ್ಲಿ ಹಾರುತ್ತಿರುವ ವಿಮಾನದ ಗತಿಯೇನು? ಮೇಲೆ ಆಕಾಶವಿದ್ದರೂ, ಸಾವರಿಸಿಕೊಳ್ಳಲು ಕೆಳಗೆ ಸ್ಥಳವಿಲ್ಲ.

ಇದಕ್ಕೆ ಅಂಜಿ ಹೆಚ್ಚು ವೇಗದಿಂದ ಬರುವವರೂ ಉಂಟು. ವೇಗವು ಶೇಕಡ 10 ಹೆಚ್ಚಿದರೆ ಚಲನಶಕ್ತಿ ಶೇಕಡ 21 ಹೆಚ್ಚುತ್ತದೆ. ಇಂಥ ವಿಮಾನ ನೆಲಕ್ಕೆ ಕೂರದೆ ತೇಲುತ್ತ ರನ್‌ವೇಯನ್ನು ನುಂಗುತ್ತದೆ. ಬಲವಂತವಾಗಿ ಕೂರಿಸಹೋದರೆ ಪುಟಿಯುತ್ತದೆ.

ಯಂತ್ರವನ್ನು ತಿದ್ದಿದವರೂ ಇದ್ದಾರೆ. ಬಾಲದಲ್ಲಿ ಗಾಲಿಯಿರುವ ವಿಮಾನಗಳಲ್ಲಿ ಗುರುತ್ವಕೇಂದ್ರವು ಮುಖ್ಯ ಗಾಲಿಗಳ ಹಿಂದಿರುವುದರಿಂದ, ಕೊಂಚ ಓರೆಯಾದರೂ ಬಾಲವೇ ಮುಂದಕ್ಕೆ ಬರಲು ಹವಣಿಸುತ್ತದೆ. 1956ರಲ್ಲಿ ಬಂದ ಅಮೆರಿಕದ ಸೆಸ್ನಾ 172ರಲ್ಲಿ ಗಾಲಿ ಮೂತಿಯ ಕೆಳಗಿದೆ. ಆ ಕಾಟ ಬಹಳ ತಗ್ಗಿತು. ಆದರೆ ಅತಿವೇಗದಲ್ಲಿ ಒತ್ತಿ ಇಳಿಸಿದರೆ ಮೊದಲು ನೆಲಕ್ಕೆ ಬಡಿಯುವುದೂ, ಪುಟಿದು ಮುರಿಯುವುದೂ ಆ ಮೂತಿಯ ಗಾಲಿಯೇ.

ಆದುದರಿಂದ ಇಳಿಯುವ ವಿದ್ಯೆಯಷ್ಟೇ, ಇಳಿಯದಿರುವ ವಿದ್ಯೆಯನ್ನೂ ಶಾಲೆಗಳು ಕಲಿಸಬೇಕೆನ್ನುತ್ತೇವೆ. ಮನಸ್ಸಿಗೆ ಒಪ್ಪದಿದ್ದರೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಿ, ಸುತ್ತಿ ಬರಬಹುದು. ಪಕ್ಕದಲ್ಲಿ ಸ್ನೇಹಿತರು ಕುಳಿತಿರುವಾಗ ಇದು ಸೋಲಿನಂತೆ ತೋರುತ್ತದೆ. ಖರ್ಚಾಗುವುದು ಕೆಲವು ನಿಮಿಷಗಳು, ಒಂದಿಷ್ಟು ಪೆಟ್ರೋಲು.