ಪುರುಸೊತ್ತಿಲ್ಲದವರ ಗಿಡವಲ್ಲ ಕಳ್ಳಿ

ನಮ್ಮ ಬ್ಯಾಂಕಿನಲ್ಲಿ ಯಾರಾದರೂ ರಿಟೈರ್ ಆದರೆ, ಟ್ರಾನ್ಸ್‌ಫರ್ ಆದರೆ ಹಿಂದೆಲ್ಲ ಶಾಲು, ತೆಂಗಿನಕಾಯಿ, ಒಂದು ಗೋಡೆ ಗಡಿಯಾರ ಕೊಡುತ್ತಿದ್ದೆವು. ಈಗ ಗಿಡ ಕೊಡುವ ಫ್ಯಾಶನ್ನು. ಅದರಲ್ಲೂ ಅಂಗೈ ಅಗಲದ ಪಿಂಗಾಣಿ ಕುಂಡದಲ್ಲಿ ಕೂತ ಪುಟ್ಟ ಕಳ್ಳಿ, ಅಂದರೆ ಕ್ಯಾಕ್ಟಸ್. ಕೊಡುವಾಗ ಎಲ್ಲರದೂ ಒಂದೇ ಮಾತು: "ಸಾರ್, ಇದಕ್ಕೆ ಏನೂ ಮಾಡಬೇಕಾಗಿಲ್ಲ, ತಾನೇ ಇರುತ್ತೆ."

ಇದು ಶುದ್ಧ ಸುಳ್ಳು ಅನ್ನುವುದು ನನ್ನ ವಾದ. ಹತ್ತಕ್ಕೂ ಹೆಚ್ಚು ಕಳ್ಳಿಗಳನ್ನು ಕೊಂದವನು ನಾನು, ಹೇಳುವ ಹಕ್ಕು ಇದೆ ಅಂದುಕೊಂಡಿದ್ದೇನೆ!

ಮೊದಲನೆಯದು ಸತ್ತದ್ದು ಇಲ್ಲಿ ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಗ್ರಿಲ್ಲಿನಲ್ಲಿ. ಜೂನ್‌ನಲ್ಲಿ ಮುಂಬೈ ಮಳೆ ಹಿಡಿಯಿತು. ತುಳಸಿ, ದಾಸವಾಳದ ಜೊತೆ ಅದನ್ನೂ ಅಲ್ಲೇ ಬಿಟ್ಟೆ. ಗಿಡ ತಾನೇ, ಮಳೆ ಬಂದರೆ ಖುಷಿಪಡುತ್ತೆ ಅಂತ. ಎರಡು ತಿಂಗಳು ಹಸಿರಾಗಿ, ದುಂಡಗೆ, ಚೆನ್ನಾಗೇ ಕಾಣುತ್ತಿತ್ತು. ಗಣಪತಿ ಹಬ್ಬಕ್ಕೆ ಗ್ರಿಲ್ಲು ತೊಳೆಯೋಣ ಅಂತ ಎತ್ತಿದರೆ ಮೇಲಿನ ಭಾಗ ಕೈಗೆ ಬಂತು, ಬುಡ ಕೊಳೆತ ಬದನೆಕಾಯಿ. ಬಾಡಿ ತೋರಿಸಲು ಇದಕ್ಕೆ ಎಲೆ ಇಲ್ಲವಲ್ಲ. ಪ್ರತಿ ತಿಂಗಳೂ ಸರಿಯಾಗಿ ಕಂತು ಕಟ್ಟುತ್ತಿದ್ದ ಸಾಲಗಾರ ಒಂದು ದಿನ ಅಂಗಡಿಗೆ ಬೀಗ ಹಾಕಿ ಹೋದ ಹಾಗೆ. ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆಮೇಲೆ ಓದಿ, ನರ್ಸರಿಯವರನ್ನು ಕೇಳಿ ತಿಳಿದುಕೊಂಡೆ. ಹೆಚ್ಚುಕಡಿಮೆ ಎಲ್ಲ ಕ್ಯಾಕ್ಟಸ್‌ಗಳ ತವರು ಅಮೆರಿಕಾ ಖಂಡಗಳು. ನಾವು ಕುಂಡದಲ್ಲಿಡುವ ಮುಳ್ಳಿನ ಗುಂಡುಗಳು ಬಹುತೇಕ ಅಲ್ಲಿನ ಒಣ ಸೀಮೆಯವು. ಅಲ್ಲಿ ಮಳೆ ಅಪರೂಪ, ಬಂದಾಗ ನೆಲ ತೋಯಿಸಿ ಹೋಗುತ್ತದೆ, ಆಮೇಲೆ ವಾರಗಟ್ಟಲೆ ಬಿಸಿಲು. ಗಿಡ ಸಿಕ್ಕ ನೀರನ್ನು ಕಾಂಡದಲ್ಲಿ ಕೂಡಿಡುತ್ತದೆ. ಎಲೆಗಳೇ ಮುಳ್ಳಾಗಿವೆ. ಹಗಲಲ್ಲಿ ಮೈಮೇಲಿನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಗಾಳಿ ಒಳಗೆ ತೆಗೆದುಕೊಳ್ಳುತ್ತದೆ. ಇಷ್ಟು ಲೆಕ್ಕಾಚಾರದ ಗಿಡಕ್ಕೆ ನಾವು ಪ್ರೀತಿಯಿಂದ ದಿನಾ ಎರಡು ಚಮಚ ನೀರು ಹಾಕುತ್ತೇವೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಪಿಂಗಾಣಿ ಕುಂಡದ ಬುಡದಲ್ಲಿ ತೂತು ಇಲ್ಲದಿದ್ದರೆ ಮೊದಲು ಮಣ್ಣಿನ ಕುಂಡಕ್ಕೆ ಬದಲಿಸಿ. ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು ಇರಲಿ, ಉಳಿದದ್ದು ಮಣ್ಣು ಮತ್ತು ಗೊಬ್ಬರ. ಮಡಚಿದ ಪೇಪರಿನ ಪಟ್ಟಿಯಲ್ಲಿ ಹಿಡಿದರೆ ಕೈಗೆ ಮುಳ್ಳು ಚುಚ್ಚುವುದಿಲ್ಲ. ಬದಲಿಸಿದ ಮೇಲೆ ಒಂದು ವಾರ ನೀರು ಬೇಡ. ಆಮೇಲೂ ಕಡ್ಡಿ ಚುಚ್ಚಿ ನೋಡಿ, ತಳದವರೆಗೆ ಒಣಗಿದ್ದರೆ ಮಾತ್ರ ಕೆಳಗಿನಿಂದ ಇಳಿದು ಹೋಗುವಷ್ಟು ಹಾಕಿ. ಬೇಸಿಗೆಯಲ್ಲಿ ನನಗೆ ವಾರ, ಹತ್ತು ದಿನಕ್ಕೊಮ್ಮೆ ಬೇಕಾಗುತ್ತದೆ. ಮಳೆಗಾಲದಲ್ಲಿ ಕುಂಡಗಳನ್ನು ಒಳಗೆ ಬೆಳಕಿನ ಕಿಟಕಿಗೆ ತರುತ್ತೇನೆ, ನೀರು ಹೆಚ್ಚುಕಡಿಮೆ ಬಂದ್. ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಬಂದರೆ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರೆ ಸಾಕು, ಆದರೆ ವಾರಕ್ಕೊಮ್ಮೆ ನೋಡುತ್ತಿರಬೇಕು. ಕೆಲಸ ಕಡಿಮೆ, ನಿಜ. ಗಮನ ಮಾತ್ರ ಕಡಿಮೆಯಲ್ಲ.

ಇನ್ನು ಆಫೀಸಿನ ಕಥೆ. ಕಂಪ್ಯೂಟರಿನ ಪಕ್ಕ ಕಳ್ಳಿ ಇಟ್ಟರೆ ರೇಡಿಯೇಶನ್ ಹೀರಿಕೊಳ್ಳುತ್ತದೆ ಅಂತ ಯಾರೋ ಹಬ್ಬಿಸಿದ್ದಾರೆ. ಅದಕ್ಕೆ ಯಾವ ಆಧಾರವೂ ಇಲ್ಲ. ನಮ್ಮ ಸಾಲದ ವಿಭಾಗದ ಹುಡುಗಿಯೊಬ್ಬಳು ಟ್ಯೂಬ್‌ಲೈಟ್ ಕೆಳಗೆ ಒಂದನ್ನು ಇಟ್ಟಿದ್ದಳು. "ಅಂಕಲ್, ನೋಡಿ ಎಷ್ಟು ಎತ್ತರ ಆಯ್ತು" ಅಂತ ತೋರಿಸಿದಳು. ತುದಿ ಬೆರಳಿನಷ್ಟು ಸಪೂರ, ಬಣ್ಣ ಬಿಳಿಚಿಕೊಂಡಿತ್ತು. ಅದು ಬೆಳವಣಿಗೆಯಲ್ಲಮ್ಮ, ಬೆಳಕಿಗಾಗಿ ಕತ್ತು ಚಾಚಿದೆ ಅಂದೆ. ಪಾಪ, ಪೆಚ್ಚಾದಳು. ಬೆಳಕಿಗೆ ತಂದಿಟ್ಟರೂ ಆ ಸಪೂರ ಭಾಗ ಮತ್ತೆ ದಪ್ಪವಾಗುವುದಿಲ್ಲ. ಹಾಗಂತ ಒಮ್ಮೆಲೇ ಸುಡುಬಿಸಿಲಿಗೆ ಇಟ್ಟರೆ ಮೈ ಸುಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು.

ತಲೆಯ ಮೇಲೆ ಕೆಂಪು, ಹಳದಿ ಗುಂಡು ಹೊತ್ತ ಕಳ್ಳಿ ನೋಡಿರುತ್ತೀರಿ. ಆ ಗುಂಡಿನಲ್ಲಿ ಹಸಿರೇ ಇಲ್ಲ, ಸ್ವಂತ ಅಡುಗೆ ಮಾಡಿಕೊಳ್ಳಲಾರದು. ಅದಕ್ಕೇ ಇನ್ನೊಂದು ಹಸಿರು ಕಳ್ಳಿಗೆ ಕಸಿ ಮಾಡಿರುತ್ತಾರೆ. ಸಾಮಾನ್ಯವಾಗಿ ಕೆಲವೇ ವರ್ಷದ ಬಾಳು. ಮಾರುವವರು ಅದನ್ನು ಹೇಳಬೇಕಲ್ಲವೇ? ಅಂಟು ಹಾಕಿ ಒಣಹೂವು ಕೂರಿಸಿ ಮಾರುವುದಂತೂ ಗಿರಾಕಿಗೂ ಮೋಸ, ಗಿಡಕ್ಕೂ ಹಿಂಸೆ.

ಗದಗಿನಿಂದ ಅವ್ವ ಬಂದಾಗ ಗ್ರಿಲ್ಲು ನೋಡಿ ಅಂದಿದ್ದಳು, "ಏನಪಾ, ಬೇಲಿಗೆ ಹಚ್ಚೂದನ್ನ ಮನ್ಯಾಗ ತಂದು ಇಟ್ಟಿಯಲ್ಲೋ!" ವಾಸ್ತು ಹೇಳುವ ಪಕ್ಕದ ಮನೆಯವರದ್ದೂ ಅದೇ ತಕರಾರು. ವಾಸ್ತುವಿನ ಬಗ್ಗೆ ಜಗಳಕ್ಕೆ ನಿಲ್ಲುವವನಲ್ಲ ನಾನು. ಆದರೆ ಅವ್ವನ ಮಾತಿನಲ್ಲಿ ಅರ್ಥವಿತ್ತು. ನಮ್ಮ ಕಡೆ ಬೇಲಿಯಲ್ಲಿ ಮುರಿದರೆ ಹಾಲು ಸುರಿಸುವ ಕಳ್ಳಿಗಳು ಬೇರೆ ಕುಟುಂಬದವು. ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್, ಹೊರಗಿನಿಂದ ಬಂದದ್ದು. ಅದರ ಮೇಲೆ ಕೆಂಪು ಬಣ್ಣ ಕೊಡುವ ಕೀಟ ಸಾಕಬೇಕೆಂದು ಬ್ರಿಟಿಷರು 1795ರಲ್ಲಿ ಕೀಟ ತರಿಸಿದರು. ಬಂದದ್ದು ಬೇರೆಯೇ ಜಾತಿ, ಬಣ್ಣದ ಬದಲು ಗಿಡವನ್ನೇ ತಿಂದು ಮುಗಿಸಿತು. ಮುಂದೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ಎಷ್ಟು ಹಬ್ಬಿತೆಂದರೆ, ಅದನ್ನು ಅಡಗಿಸಲೆಂದೇ 1926ರಲ್ಲಿ ಶ್ರೀಲಂಕಾದಿಂದ ಮತ್ತೆ ಕೀಟ ತರಿಸಬೇಕಾಯಿತು. ಬಯಲಿನಲ್ಲಿ ಸರ್ಕಾರಕ್ಕೂ ಬಗ್ಗದ ಕುಲ ನಮ್ಮ ಶೋಕೇಸಿನಲ್ಲಿ ಆರು ತಿಂಗಳಿಗೆ ಸಾಯುತ್ತದೆ ಅಂದರೆ ತಪ್ಪು ಯಾರದು?

ನನ್ನ ಹತ್ತಿರ ಈಗ ನಾಲ್ಕು ಉಳಿದಿವೆ. ಒಂದು ಹೋದ ಬೇಸಿಗೆಯಲ್ಲಿ ತಲೆಯ ಸುತ್ತ ಉಂಗುರದ ಹಾಗೆ ಗುಲಾಬಿ ಹೂ ಬಿಟ್ಟಿತ್ತು, ಅಂಟಿಲ್ಲದ ಹೂ! ಈಗ ಆಫೀಸಿನಲ್ಲಿ ಯಾರಿಗಾದರೂ ಕಳ್ಳಿ ಕೊಟ್ಟರೆ ಕುಂಡಕ್ಕೆ ಒಂದು ಚೀಟಿ ಕಟ್ಟುತ್ತೇನೆ: "ಬಿಸಿಲಿಗೆ ಇಡಿ. ಒಣಗಿದ ಮೇಲೆ ನೀರು. ಮಳೆಗಾಲದಲ್ಲಿ ಒಳಗೆ." ನೀವೂ ಕೊಡುವುದಾದರೆ ಹಾಗೆ ಕೊಡಿ. ಚೀಟಿ ಬರೆಯುವಷ್ಟೂ ಪುರುಸೊತ್ತಿಲ್ಲವೇ? ಹಾಗಾದರೆ ಗೋಡೆ ಗಡಿಯಾರವೇ ವಾಸಿ. ನಿಂತರೆ ಸೆಲ್ ಹಾಕಬಹುದು.