ಅಡಿಗೆಮನೆಗೂ ನಾಲ್ಕು ಸಾಲು ಬಿತ್ತಿರಿ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಮಳೆ ನಂಬಿದ ಹೊಲಗಳಲ್ಲಿ ಕಡಲೆಕಾಯಿಯದೇ ಮೇಲುಗೈ. ಕಾಯಿ ಮಾರಿ, ಅಂಗಡಿಯಲ್ಲಿ ಬೇಳೆ ಕೊಳ್ಳುವ ರೈತರಾದೆವು ನಾವು. 1983ರಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂದಿತು. ಹಸಿದವರ ಹೊಟ್ಟೆ ತುಂಬಿಸಿದ ಆ ಅಕ್ಕಿಯನ್ನು ಹಳಿಯಲಾರೆವು. ಆದರೆ ಅನ್ನದ ಜೊತೆಗೆ ಮುದ್ದೆ, ಕಾಳು, ಸೊಪ್ಪುಗಳೂ ಇರಬೇಡವೆ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವುಂಟು. ಪಾಲಿಷ್ ಅಕ್ಕಿಯಲ್ಲಿ 10ರ ಆಸುಪಾಸು. ಬೆಳೆಯುವ ಮಕ್ಕಳ ಮೂಳೆಗೆ ಇದು ಸಣ್ಣ ಮಾತಲ್ಲ.

ಹೊಲದಿಂದ ದಣಿದು ಬಂದ ಹೆಂಗಸಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎನ್ನುವಿರಿ. ಬೆಳಿಗ್ಗೆಯೇ ಹುರುಳಿ ನೆನೆಹಾಕಿದರೆ ಸಂಜೆ ಬೇಗ ಬೇಯುವುದು. ಬದುವಿನ ಸೊಪ್ಪನ್ನೂ ಅದರಲ್ಲೇ ಹಾಕಿ, ಬೆಂದ ನೀರು ಚೆಲ್ಲದೆ ಸಾರು ಮಾಡಿರಿ. ಸಾರು ಕುದಿಯುವಷ್ಟರಲ್ಲಿ ಮುದ್ದೆ ಸಿದ್ಧ. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುವುದು. ಹೆಂಗಸರು ಒಲೆಯ ಮುಂದಿರುವಾಗ ಗಂಡಸರು ಸೊಪ್ಪು ಬಿಡಿಸಿಕೊಟ್ಟರೆ ಮಾನವೇನೂ ಹೋಗದು.

ಈ ಮುಂಗಾರಿಗೆ ತುಂಡು ನೆಲದಲ್ಲಾದರೂ ರಾಗಿ ಬಿತ್ತಿರಿ. ಕಡಲೆಕಾಯಿಯ ನಡುವೆ ತೊಗರಿ, ಅವರೆ, ಅಲಸಂದೆಯ ಅಕ್ಕಡಿ ಸಾಲು ಹಿಡಿಯಿರಿ. ಮಳೆ ಕೈಕೊಟ್ಟು ಕಾಯಿ ಜೊಳ್ಳಾದರೂ, ಆಳಕ್ಕೆ ಬೇರಿಳಿಸುವ ತೊಗರಿ ಅಷ್ಟಿಷ್ಟು ಕೊಟ್ಟೀತು. ಹೊಲ ಮೊದಲು ಮನೆಯನ್ನು ಸಾಕಲಿ; ಮಿಕ್ಕದ್ದು ಮಂಡಿಗೆ ಹೋಗಲಿ.