ಮನೆತನದ ಬೇರು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನಿಂದ ರೈತನೊಬ್ಬನು ಹುಬ್ಬಳ್ಳಿಗೆ ಹೋಗಿ ನೆಲಸಿದನೆಂದು ಭಾವಿಸೋಣ. ಅಲ್ಲಿಯವರು ಅವನನ್ನು ‘ಹುಲಗೂರ’ ಎಂದು ಕರೆಯುವರು. ಅವನ ಮಕ್ಕಳಿಗೂ ಅದೇ ಅಡ್ಡಹೆಸರಾಗುವುದು. ಊರಿನಲ್ಲಿ ಉಳಿದ ಅಣ್ಣತಮ್ಮಂದಿರಿಗೆ ಆ ಹೆಸರಿಲ್ಲ. ಮೂರು ತಲೆ ಕಳೆಯಲು ಒಂದೇ ಬಳ್ಳಿಯ ಕುಡಿಗಳು ಒಂದನ್ನೊಂದು ಗುರುತಿಸಲಾರವು. ಆದುದರಿಂದ ಹೆಸರೊಂದನ್ನೇ ನಂಬಿ ವಂಶವನ್ನು ಹುಡುಕಬಾರದು.

ಈ ತೊಡಕು ನಮ್ಮಲ್ಲಿ ಮಾತ್ರವಲ್ಲ. ಕನ್ನಡ ನಿಘಂಟುಕಾರರಾದ ಕಿಟ್ಟೆಲ್ ಮಹಾಶಯರು 1832ರಲ್ಲಿ ಜನಿಸಿದುದು ಜರ್ಮನಿಯ ಪೂರ್ವ ಫ್ರಿಸಿಯಾ ಸೀಮೆಯಲ್ಲಿ. ಅಲ್ಲಿಯ ಹಳ್ಳಿಗಳಲ್ಲಿ ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುತ್ತಿತ್ತು. ಯಾನನ ಮಗನು ಯಾನ್ಸೆನ್. ತಲೆತಲೆಗೂ ಹೆಸರು ಬದಲಾಗುತ್ತಿತ್ತು. ಸ್ಥಿರವಾದ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂದು ನೆಪೋಲಿಯನ್ನನ ಅಪ್ಪಣೆಯಾದುದು 1811ರಲ್ಲಿ. ಅದಕ್ಕೂ ಹಿಂದಿನ ಪೂರ್ವಜನನ್ನು ಅರಸುವವರು ಮೊದಲು ಅವನ ಊರನ್ನು ಗೊತ್ತುಮಾಡಿ, ಆ ಮೇಲೆ ಅಲ್ಲಿಯ ಚರ್ಚಿನ ಪುಸ್ತಕವನ್ನು ತೆರೆಯಬೇಕು. ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಪಾದ್ರಿಗಳು ಅದರಲ್ಲಿ ಬರೆದಿಡುತ್ತಿದ್ದರು; ವುರ್ಟೆಂಬರ್ಗ್ ಸೀಮೆಯಲ್ಲಿ ಈ ಕಟ್ಟಳೆ 1558ರಲ್ಲಿಯೇ ಆಯಿತು. ಆದರೆ 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಅನೇಕ ಊರುಗಳು ಸುಟ್ಟು, ಅವುಗಳೊಡನೆ ಪುಸ್ತಕಗಳೂ ಬೂದಿಯಾದವು. ಅಂತಹ ಊರುಗಳಲ್ಲಿ ವಂಶದ ಎಳೆ ಹೆಚ್ಚಾಗಿ ಅಲ್ಲಿಗೇ ಕಡಿಯುವುದು.

ನಮ್ಮ ಸೀಮೆಯಲ್ಲಿ ಆ ಪುಸ್ತಕದ ಕೆಲಸವನ್ನು ಮಾಡಿದವನು ಹೆಳವನು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ತನ್ನ ಪಾಲಿನ ಮನೆಗಳ ಮುಂದೆ ನಿಂತು, ಮೂಲಪುರುಷನು ಯಾವ ಊರಿನಿಂದ ಬಂದನು, ಅವನಿಗೆ ಮಕ್ಕಳೆಷ್ಟು ಎಂಬುದನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದನು. ಬೆಂಕಿಯು ನಾಲಗೆಯನ್ನು ಸುಡಲಾರದು. ಆದರೆ ಹೆಳವನ ಮಗನು ಬೇರೆ ಕಸುಬು ಹಿಡಿದರೆ ನಾಲಗೆಯೂ ಮೌನವಾಗುವುದು.

ಇವೆರಡರಲ್ಲಿಯೂ ಒಂದು ಕೊರತೆಯನ್ನು ನಾವು ಕಾಣುತ್ತೇವೆ. ಹೆಳವನ ಮಾತು ಹೆಚ್ಚಾಗಿ ಗಂಡುಮಕ್ಕಳ ಸಾಲನ್ನೇ ಹಿಡಿದು ನಡೆಯುವುದು. ಜರ್ಮನಿಯ ಹಳೆಯ ಪುಟಗಳಲ್ಲಿಯೂ ಮಗುವಿನ ತಂದೆಯನ್ನು ಹೆಸರಿಸಿ ತಾಯಿಯನ್ನು ಬಿಟ್ಟುದುಂಟು. ಹೆತ್ತು ಸಾಕಿದವಳೇ ವಂಶದ ಲೆಕ್ಕಕ್ಕೆ ಸೇರದಿದ್ದರೆ ಆ ಲೆಕ್ಕವು ಅರ್ಧವೇ ಸರಿ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಮನೆಯ ಹಿರಿಯರು ಬದುಕಿರುವಾಗಲೇ ಒಂದು ವಹಿಯನ್ನು ತೆರೆಯಿರಿ. ಅಜ್ಜಿಯ ಹೆಸರು, ಆಕೆಯ ತವರೂರು, ಆಕೆಯ ತಾಯಿಯ ಹೆಸರು, ಇವುಗಳನ್ನು ಮೊದಲು ಬರೆಯಿರಿ. ಹೆಳವನು ಬಂದರೆ ಕೂಡಿಸಿ ಕೇಳಿರಿ. ಅವನ ಮಾತನ್ನು ಹೊಲದ ಉತಾರದೊಡನೆ ತಾಳೆ ನೋಡಿರಿ. ಕೊಟ್ಟ ಹೆಣ್ಣುಮಕ್ಕಳನ್ನೂ ತಂದ ಸೊಸೆಯರನ್ನೂ ಮರೆಯದೆ ಸೇರಿಸಿರಿ.